ಜಾನ್ ಹ್ಯಾಂಡಿ ಯಾರು?

ಪ್ರಶ್ನೆ: ಅಣ್ಣನ ಮಗಳ ಮದುವೆಗೆ ನಾಗಸ್ವರದ ಬದಲು ಸ್ಯಾಕ್ಸೋಫೋನ್ ತರಿಸಿದ್ದೆವು. ನುಡಿಸಿದವರು ಕದ್ರಿ ಗೋಪಾಲನಾಥ್ ವಿಷಯ ಹೇಳುತ್ತಾ ಜಾನ್ ಹ್ಯಾಂಡಿ ಅನ್ನೋ ಜಾಝ್ ಕಲಾವಿದರ ಹೆಸರು ತೆಗೆದರು. ಯಾರವರು?
– ಓದುಗರು, ತುಮಕೂರು

ಉತ್ತರ: ಅಮೆರಿಕದವರು. 1933ರಲ್ಲಿ ಡಲ್ಲಾಸ್‌ನಲ್ಲಿ ಹುಟ್ಟಿದರು. 1959ರಲ್ಲಿ ಜಾಝ್ ಸಂಯೋಜಕ ಚಾರ್ಲ್ಸ್ ಮಿಂಗಸ್ ತಂಡದಲ್ಲಿದ್ದಾಗ, ಆ ವರ್ಷವೇ ತೀರಿಕೊಂಡಿದ್ದ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ನೆನಪಿಗೆ ಮಿಂಗಸ್ ಕಟ್ಟಿದ 'ಗುಡ್‌ಬೈ ಪೋರ್ಕ್ ಪೈ ಹ್ಯಾಟ್' ರಚನೆಗೆ ಹ್ಯಾಂಡಿ ಟೆನರ್ ಸ್ಯಾಕ್ಸೋಫೋನ್ ನುಡಿಸಿದ್ದಾರೆ. ಅದನ್ನು ರಾತ್ರಿ ಹೊತ್ತು, ಮನೆ ನಿಶ್ಶಬ್ದವಾದ ಮೇಲೆ ಕೇಳಿ. ನಾಲಿಗೆ ನಡುಗಿಸುತ್ತಾ ಊದುವ ಒಂದು ಜಾಗ ಬರುತ್ತದೆ, ಸ್ವರ ಮುಂದಕ್ಕೆ ಹೋಗದೆ ಅಲ್ಲೇ ನಿಂತು ಕಂಪಿಸುತ್ತದೆ, ಯಾರೋ ಅಳು ತಡೆದುಕೊಂಡು ಮಾತಾಡಿದ ಹಾಗೆ. ನನಗಂತೂ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ನಡೆದ 1965ರ ಮಾಂಟೆರೆ ಜಾಝ್ ಉತ್ಸವದಿಂದ ಅವರ ಹೆಸರು ಎಲ್ಲೆಡೆ ಹಬ್ಬಿತು. ಸ್ಯಾನ್ ಫ್ರಾನ್ಸಿಸ್ಕೋದ ಕಾಲೇಜುಗಳಲ್ಲಿ ಪಾಠವನ್ನೂ ಮಾಡಿದರು. ನಮಗೆ ಹತ್ತಿರದ ವಿಷಯ ಅಂದ್ರೆ, 1975ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಜೊತೆ ನುಡಿಸಿ ಧ್ವನಿಮುದ್ರಣ ಮಾಡಿದ್ದರು. ಹೀಗೆ ನಮ್ಮ ರಾಗಕ್ಕೆ ಕಿವಿ ಕೊಟ್ಟಿದ್ದವರು 1980ರ ಮುಂಬೈ ಜಾಝ್ ಉತ್ಸವದಲ್ಲಿ ಗೋಪಾಲನಾಥರ ವಾದನ ಕೇಳಿದರು. ಕೇಳಿ ಸುಮ್ನೆ ಕೂರಲಿಲ್ಲ, ವೇದಿಕೆಯಲ್ಲಿ ಜೊತೆಗೆ ನುಡಿಸೋಣ ಎಂದರು. ಗೋಪಾಲನಾಥರೂ ನಾಗಸ್ವರದ ಮನೆಯಿಂದ ಬಂದವರೇ, ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ನಿಮ್ಮ ಮದುವೆಮನೆಯಲ್ಲಿ ಕೇಳಿದ ಗಮಕ ಆ ದಾರಿಯಿಂದ ಬಂದದ್ದು.