ದೇವರಾಯನದುರ್ಗದ ಕಾಡು, ಜಯಮಂಗಲಿಯ ದಂಡೆ ಹಿಡಿದು ಮಧುಗಿರಿಗೆ ವಾಹನಗಳಿಲ್ಲದ ಸೈಕಲ್ ದಾರಿ ಇದೆಯೇ?

ನಕ್ಷೆಯ ಮೇಲೆ ನೀವು ಎಳೆದಿರುವ ಗೆರೆಯನ್ನೇ ನಾನೂ ಎಳೆದಿದ್ದೆ. ತುಮಕೂರಿನಿಂದ ಹೊರಟು, ದೇವರಾಯನದುರ್ಗದ ಕಾಡಿನೊಳಗಿಂದ ಇಳಿದು, ಜಯಮಂಗಲಿಯ ದಂಡೆಯನ್ನು ಬಿಡದೆ ಮಧುಗಿರಿಯವರೆಗೆ ಹೋಗುವುದು, ಒಂದೇ ದಿನದಲ್ಲಿ ಮರಳಿ ಬರುವುದು. ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿಯ ದಾರಿಗೂ ಹೊಂದುವ ಅಗಲ ಟೈರಿನ ಸೈಕಲ್) ಕೊಂಡ ಹೊಸದರಲ್ಲಿ ಫೋನಿನ ನಕ್ಷೆ ನೋಡಿದವರಿಗೆಲ್ಲ ಈ ದಾರಿ ತಾನಾಗಿಯೇ ಹೊಳೆಯುತ್ತದೆ, ಏಕೆಂದರೆ ನದಿ ಹುಟ್ಟುವುದೇ ಆ ಬೆಟ್ಟದಲ್ಲಿ; ಅಲ್ಲಿಂದ ಅದು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನದಿಯೇ ದಾರಿ ತೋರಿಸುತ್ತಿರುವಾಗ ಯಾರನ್ನು ಕೇಳಬೇಕು ಎಂದುಕೊಂಡು ಬೆಳಗಿನ ಜಾವ ಹೊರಟೆ.

ಕೊರಟಗೆರೆ ದಾಟುವವರೆಗೆ ಎಲ್ಲವೂ ಸರಿಯಾಗಿತ್ತು. ಉಪಗ್ರಹ ಚಿತ್ರದಲ್ಲಿ ನದಿಯ ಎಡದಂಡೆಗೆ ಅಂಟಿಕೊಂಡಂತೆ ಒಂದು ತಿಳಿಬಣ್ಣದ ಗೆರೆ ಕಾಣುತ್ತಿತ್ತು. ಅದನ್ನು ನಾನು ಬಂಡಿದಾರಿ ಎಂದು ಓದಿದೆ. ನನ್ನ ಇಡೀ ದಿನವನ್ನೂ ಒಂದು ಹೊಸ ಟೈರನ್ನೂ ನುಂಗಿದ್ದು ಆ ಒಂದು ಓದು. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರವಾದರೂ ಓದಿ.

ಅದು ಬಂಡಿದಾರಿ ಆಗಿರಲಿಲ್ಲ, ಮರಳು ತುಂಬುವ ಟ್ರ್ಯಾಕ್ಟರುಗಳ ಜಾಡು. ಮೇಲಿನಿಂದ ನೋಡಿದರೆ ಎರಡೂ ಒಂದೇ ಬಣ್ಣ, ಒಂದೇ ಅಗಲ. ಆದರೆ ಬಂಡಿದಾರಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ. ನಡುವೆ ಎಲ್ಲಿಯೋ ಹುಣಸೆಮರ, ದೇವಸ್ಥಾನ, ಕೆರೆಯ ಏರಿ, ಯಾವುದಾದರೂ ಒಂದನ್ನು ಮುಟ್ಟಿಯೇ ಮುಟ್ಟುತ್ತದೆ. ಮರಳಿನ ಜಾಡಿಗೆ ಊರಿನ ಹಂಗಿಲ್ಲ. ಅದು ಡಾಂಬರು ರಸ್ತೆಯಿಂದ ಹೊರಟು ನದಿಗೆ ಇಳಿಯುತ್ತದೆ, ಅಷ್ಟೇ. ನದಿ ಹತ್ತಿರವಾದಂತೆ ಅದು ಬೇರಿನ ಹಾಗೆ ಕವಲೊಡೆಯುತ್ತದೆ, ಪ್ರತಿಯೊಂದು ಕವಲೂ ಒಂದು ಗುಂಡಿಯಲ್ಲಿ ಮುಗಿಯುತ್ತದೆ. ಹೀಗೆ ಅಕ್ಕಪಕ್ಕದಲ್ಲಿ ಇಳಿದ ಜಾಡುಗಳ ತುದಿಗಳೆಲ್ಲ ಚಿತ್ರದಲ್ಲಿ ಒಂದಕ್ಕೊಂದು ಕೂಡಿಕೊಂಡು, ದಂಡೆಯುದ್ದಕ್ಕೂ ಒಂದೇ ದಾರಿ ಇರುವಂತೆ ಕಂಡಿದ್ದವು. ವಾಸ್ತವದಲ್ಲಿ ಅವುಗಳ ನಡುವೆ ಇದ್ದದ್ದು ಬಳ್ಳಾರಿ ಜಾಲಿಯ ಪೊದೆ. ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನನ್ನು ಕಂಡವರೇ, "ಇದು ಹೊಳೆಗೆ ಹೋಗೋ ದಾರಿ ಸ್ವಾಮಿ, ಊರಿಗೆ ಹೋಗೋದಲ್ಲ" ಎಂದರು. ಅಷ್ಟು ಹೊತ್ತಿಗೆ ನಾನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಎರಡು ಪೊದೆಗಳನ್ನು ದಾಟಿಯಾಗಿತ್ತು. (ಮರಳು ತೆಗೆಯುವ ಜಾಗದಲ್ಲಿ ಹೆಲ್ಮೆಟ್ ಹಾಕಿ, ಫೋನ್ ಹಿಡಿದು ಫೋಟೋ ತೆಗೆಯುತ್ತಾ ನಿಂತವರನ್ನು ಇಲಾಖೆಯ ಕಡೆಯವರು ಎಂದು ಅನುಮಾನಿಸುವವರೂ ಇರುತ್ತಾರೆ. ಅದು ಬೇರೆಯೇ ತೊಂದರೆ.)

ಮೊದಲ ಪಂಚರ್ ಅಲ್ಲಿಯೇ ಆಯಿತು. ಟ್ಯೂಬ್ ಬದಲಿಸಿದೆ; ಹೊಸ ಟ್ಯೂಬ್ ರಸ್ತೆ ಮುಟ್ಟುವ ಮೊದಲೇ ಇಳಿಯಿತು. ಬಳ್ಳಾರಿ ಜಾಲಿಯ ಮುಳ್ಳು ಟೈರಿನ ಹೊರಮೈಗೆ ಸಮವಾಗಿ ಮುರಿದುಹೋಗುತ್ತದೆ, ಮೊನೆ ಮಾತ್ರ ರಬ್ಬರಿನೊಳಗೆ ಉಳಿಯುತ್ತದೆ. ಹೊರಗಿನಿಂದ ಒಂದು ಕಪ್ಪು ಚುಕ್ಕೆಯಷ್ಟು ಕೂಡ ಕಾಣುವುದಿಲ್ಲ. ಒಳಮೈಯ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಒಂದು ಸುತ್ತು ಆಡಿಸಿದರೆ ಬೆರಳಿಗೆ ಚುಚ್ಚುತ್ತದೆ. ಅಲ್ಲಿ ಟೈರನ್ನು ಹೊರಕ್ಕೆ ಮಡಚಿ, ಚಿಮಟದಿಂದ ಎಳೆದು ತೆಗೆಯಬೇಕು. ನನ್ನ ಬಳಿ ಚಿಮಟ ಇರಲಿಲ್ಲ. ಪಿನ್ನಿನಿಂದ ಕೆದಕಲು ಹೋಗಿ ಟೈರಿನ ಗೋಡೆಯ ನೂಲು ಹರಿದೆ. ಸೈಕಲ್ ತಳ್ಳಿಕೊಂಡು ಡಾಂಬರು ರಸ್ತೆಗೆ ಬಂದು, ತರಕಾರಿ ಸಾಗಿಸುವ ಗೂಡ್ಸ್ ಗಾಡಿಯೊಂದರಲ್ಲಿ ತುಮಕೂರಿಗೆ ಮರಳಿದೆ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ವಾಹನಗಳಿಲ್ಲದ ದಾರಿ ಬೇಕೆಂದರೆ ಕಾಡನ್ನೂ ನದಿಯನ್ನೂ ಹುಡುಕಬೇಕು ಎಂಬ ನಿಮ್ಮ ಎಣಿಕೆ ನಮ್ಮ ಸೀಮೆಗೆ ಹೊಂದುವುದಿಲ್ಲ. ಅದು ಹೊರದೇಶದ ವಿಡಿಯೋಗಳಿಂದ ಬಂದ ಆಸೆ. ಅಲ್ಲಿ ಹೊಳೆಯ ದಂಡೆಯ ಮೇಲೆ ಸೈಕಲ್ಲಿಗೆಂದೇ ದಾರಿ ಮಾಡಿರುತ್ತಾರೆ. ಇಲ್ಲಿ ಹೊಳೆ ವರ್ಷದ ಬಹುಪಾಲು ಒಣಗಿರುತ್ತದೆ. ದಂಡೆಯ ಒಳ್ಳೆಯ ನೆಲವೆಲ್ಲ ಅಡಿಕೆ, ತೆಂಗಿನ ತೋಟವಾಗಿ ಬೇಲಿಯೊಳಗೆ ಸೇರಿರುತ್ತದೆ.

ಕಾಡಿನ ವಿಷಯ ಇನ್ನೂ ಸ್ಪಷ್ಟ. ದೇವರಾಯನದುರ್ಗದ ಸುತ್ತಲಿನದು ಸರ್ಕಾರಿ ಅರಣ್ಯ, ಕರಡಿ ಮತ್ತು ಚಿರತೆ ಇರುವ ಕಾಡು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಸೈಕಲ್ಲಿಗೆ ಅದರಲ್ಲಿ ವಿನಾಯಿತಿ ಇಲ್ಲ. ಮುಂಜಾನೆ ಮತ್ತು ಮುಸ್ಸಂಜೆ ಕರಡಿ ಓಡಾಡುವ ಹೊತ್ತು. ಸದ್ದಿಲ್ಲದೆ ತಿರುವಿನಲ್ಲಿ ಎದುರಾಗುವ ಸೈಕಲ್ಲಿಗಿಂತ ಅಪಾಯದ ವಸ್ತು ಅದಕ್ಕೆ ಬೇರೆ ಇಲ್ಲ, ನಿಮಗೂ ಇಲ್ಲ. ಕಾಡಿನ ನೆರಳು ಬೇಕೇ ಬೇಕೆಂದರೆ ನಾಮದ ಚಿಲುಮೆಗೂ ಬೆಟ್ಟಕ್ಕೂ ಹೋಗುವ ಸಾರ್ವಜನಿಕ ಡಾಂಬರು ರಸ್ತೆ ಇದೆ. ಭಾನುವಾರ ಅಲ್ಲಿ ಕಾರುಗಳ ಸಾಲು. ವಾರದ ನಡುವೆ ಬಿಸಿಲೇರಿದ ಮೇಲೆ ಹೋದರೆ ರಸ್ತೆ ಬಹುತೇಕ ನಿಮ್ಮದೇ.

ನಿಜವಾಗಿಯೂ ವಾಹನಗಳಿಲ್ಲದ ದಾರಿಗಳು ಹೊಲಗಳ ನಡುವೆ, ಕೆರೆಯಿಂದ ಕೆರೆಗೆ ಹೋಗುವ ಹಳೆಯ ಬಂಡಿದಾರಿಗಳಲ್ಲಿವೆ. ಅವನ್ನು ಹುಡುಕಲು ಸೈಕಲ್ ಆ್ಯಪ್‌ಗಳಿಗಿಂತ ಕಂದಾಯದ ಗ್ರಾಮ ನಕಾಶೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ. ಅದರಲ್ಲಿ ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ. ಜೋಡಿ ಗೆರೆ ಒಂದು ಗ್ರಾಮದ ಗಡಿಯಲ್ಲಿ ನಿಂತರೆ ಪಕ್ಕದ ಗ್ರಾಮದ ನಕಾಶೆಯನ್ನು ತೆರೆದು ಅದು ಮುಂದುವರಿಯುತ್ತದೆಯೇ ನೋಡಿ. ಸ್ಥಳದಲ್ಲಿ ಗೊಂದಲವಾದರೆ ಅದೇ ಇಲಾಖೆಯ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಕೆಲವು ದಾರಿಗಳು ಒತ್ತುವರಿಯಾಗಿರುತ್ತವೆ; ಅಲ್ಲಿ ನಕಾಶೆ ತೋರಿಸಿ ವಾದಕ್ಕೆ ನಿಲ್ಲಬೇಡಿ, ಕೇಳಿಕೊಂಡು ದಾಟಿ. ಕೇಳಿದರೆ ಬೇಡ ಎಂದವರು ನನಗಂತೂ ವಿರಳ.

ಶುರುಮಾಡಲು ಕೊರಟಗೆರೆಯ ಕಡೆಯೇ ಒಳ್ಳೆಯದು. ತೀತಾ ಜಲಾಶಯ, ಗೊರವನಹಳ್ಳಿಯ ಸುತ್ತ ಕೆಂಪು ಮಣ್ಣಿನ ದಾರಿಗಳು ಗಟ್ಟಿಯಾಗಿವೆ, ಏರಿಳಿತ ಹಿತವಾಗಿದೆ. ಗೊರವನಹಳ್ಳಿಯಲ್ಲಿ ಲಕ್ಷ್ಮಿ ದೇವಸ್ಥಾನ ಇರುವುದರಿಂದ ಶುಕ್ರವಾರ ಮಾತ್ರ ಆ ಕಡೆ ಹೋಗಬೇಡಿ. ಇನ್ನೂ ಬಯಲು ಬೇಕೆಂದರೆ ಮಧುಗಿರಿಯಿಂದಾಚೆ, ಆಂಧ್ರದ ಗಡಿಯ ಹತ್ತಿರ, ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶದ ಕಡೆಗೆ ಹೋಗಿ. ಒಳಗೆ ಸೈಕಲ್ ಓಡಿಸುವ ಯೋಚನೆ ಬೇಡ. ಸುತ್ತಲಿನ ಹೊಲಗಳ ದಾರಿಯಿಂದಲೇ ಕೃಷ್ಣಮೃಗಗಳು ಕಾಣುತ್ತವೆ, ಏಕೆಂದರೆ ಅವಕ್ಕೆ ಗಡಿಯ ಗೊಡವೆ ಇಲ್ಲ.

ಋತುವನ್ನೂ ನೋಡಿಕೊಳ್ಳಿ. ಹಿಂಗಾರು ಮಳೆ ನಿಂತು ಮಣ್ಣು ಕೂತ ಮೇಲೆ, ನವೆಂಬರ್ ಕೊನೆಯಿಂದ, ದಾರಿಗಳು ಅತ್ಯುತ್ತಮ. ಆದರೆ ಸುಗ್ಗಿಯ ಕಾಲಕ್ಕೆ ಹಳ್ಳಿಯ ಡಾಂಬರು ರಸ್ತೆಗಳೇ ಕಣವಾಗುತ್ತವೆ. ರಾಗಿಯ ಹುಲ್ಲಿನ ಮೇಲೆ ಹೇಗೋ ಹೋಗಬಹುದು. ಹುರುಳಿಯ ಬಳ್ಳಿ ಹರಡಿದ್ದರೆ ಖಂಡಿತ ಇಳಿದು ತಳ್ಳಿ. ಅದು ಹಿಂಗಾಲಿಯ ಗೇರ್ ಬದಲಿಸುವ ಡೆರೈಲರ್‌ಗೆ ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ, ಬಿಡಿಸದೆ ಪೆಡಲ್ ತುಳಿದರೆ ಡೆರೈಲರನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಬಾಗುತ್ತದೆ. ನೀರಿಗೆ ತೋಟದ ಕೊಳವೆಬಾವಿಯನ್ನು ನಂಬಬೇಡಿ, ಮಧುಗಿರಿ, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ದೊಡ್ಡ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿರುತ್ತವೆ. ಜೇಬಿನಲ್ಲಿ ನಾಣ್ಯ ಇಟ್ಟುಕೊಳ್ಳಿ.

ಟೈರಿನ ಬಗ್ಗೆ ಎರಡು ಮಾತಿಲ್ಲ. 40 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಟ್ಯೂಬ್‌ಲೆಸ್ ಹಾಕಿಸಿ, ಒಳಗೆ ಸೀಲೆಂಟ್ (ಸಣ್ಣ ತೂತುಗಳನ್ನು ತಾನೇ ಮುಚ್ಚುವ ದ್ರವ) ಸುರಿಯಿರಿ. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಮತ್ತೆ ತುಂಬಿಸಬೇಕು. ಮಧ್ಯಮ ತೂಕದವರಿಗೆ ಗಾಳಿ 35 ಪಿಎಸ್‌ಐ ಆಸುಪಾಸು ಸಾಕು. ರಸ್ತೆ ಸೈಕಲ್ಲಿನ ಅಭ್ಯಾಸದಲ್ಲಿ ಕಲ್ಲಿನಂತೆ ಗಟ್ಟಿಯಾಗಿ ತುಂಬಿಸಿದರೆ ಜಲ್ಲಿಯ ಮೇಲೆ ಹಿಡಿತವೂ ಇರುವುದಿಲ್ಲ, ಸೊಂಟವೂ ಉಳಿಯುವುದಿಲ್ಲ. ಟ್ಯೂಬ್‌ಲೆಸ್ ಇದ್ದರೂ ಒಂದು ಟ್ಯೂಬ್, ಪಂಪ್, ಚಿಮಟ ಚೀಲದಲ್ಲಿರಲಿ.

ಕೊನೆಯದಾಗಿ, ಒಂದೇ ದಿನದಲ್ಲಿ ಹೋಗಿ ಬರಬಹುದೇ ಎಂದು ಕೇಳಿದ್ದೀರಿ. ಹೆದ್ದಾರಿಯಲ್ಲಿ ಬರಬಹುದು, ಬಂಡಿದಾರಿಗಳಲ್ಲಿ ಕತ್ತಲಾಗುತ್ತದೆ, ಕತ್ತಲಾದರೆ ಕಡೆಗೆ ಹೆದ್ದಾರಿಗೇ ಬೀಳುತ್ತೀರಿ. ಮಧುಗಿರಿಯಲ್ಲಿ ಒಂದು ರಾತ್ರಿ ತಂಗುವ ಹಾಗೆ ಯೋಜನೆ ಹಾಕಿಕೊಳ್ಳಿ. ಅದು ಆಗದಿದ್ದರೆ ಮೊದಲ ಬಾರಿಗೆ ಕೊರಟಗೆರೆ, ತೀತಾವರೆಗೆ ಹೋಗಿ ಮರಳಿ ಬನ್ನಿ.