ಗೋಡೆಯ ಹಿಂದೆ ಕುಳಿತ ಹುಡುಗ

ಈ ವಾರ ಬಂದ ಪತ್ರಗಳಲ್ಲಿ ಮುರಿದ ದಾಂಪತ್ಯವಿತ್ತು, ಆಸ್ತಿಯ ಜಗಳವಿತ್ತು, ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರು. ಅವೆಲ್ಲವನ್ನೂ ಬದಿಗಿಟ್ಟು ನಾನು ಉತ್ತರಿಸಲು ಕುಳಿತಿರುವುದು ಒಂದು ಸ್ಟ್ರಾಲರ್, ಅಂದರೆ ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಯ ಕುರಿತ ಪತ್ರಕ್ಕೆ. ಮೊದಲ ಸಲ ಓದಿದಾಗ ನಕ್ಕೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಎರಡನೆಯ ಸಲ ಓದುವಾಗ ನಡುವಿನ ಒಂದು ಸಾಲು ಕಣ್ಣಿಗೆ ಬಿದ್ದು ಆ ನಗು ಅಲ್ಲಿಗೇ ನಿಂತಿತು.

ಪತ್ರ ಬರೆದಿರುವ ತಾಯಿಗೆ ಆರೂವರೆ ವರ್ಷದ ಮಗನಿದ್ದಾನೆ. ಬರುವ ರಜೆಯಲ್ಲಿ ಇವರು ಮೂವರು ಮತ್ತು ನಾದಿನಿ, ನಾದಿನಿಯ ಯಜಮಾನರು, ಅವರ ಹತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳು ಸೇರಿ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೊರಟಿದ್ದಾರೆ. ಕಳೆದ ವರ್ಷ ಇದೇ ತಂಡ ಇನ್ನೊಂದು ಪಾರ್ಕಿಗೆ ಹೋಗಿತ್ತು. ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಂತವರು ರಾತ್ರಿಯ ಬಾಣಬಿರುಸು ಮುಗಿದ ಮೇಲೆ ಹೊರಬಂದರು. ಅಂದು ನಡೆದ ದೂರ 14 ಕಿಲೋಮೀಟರು ಎಂದು ಪತಿಯ ಫೋನು ಲೆಕ್ಕ ತೋರಿಸಿತು. ಮಧ್ಯಾಹ್ನ ಮೂರರ ಹೊತ್ತಿಗೆ ಹುಡುಗ ಅಳತೊಡಗಿದ, ಅಪ್ಪ ಹೆಗಲ ಮೇಲೆ ಹೊತ್ತರು, ಮರುದಿನ ಅಪ್ಪನ ಸೊಂಟ ಹಿಡಿಯಿತು, ರಜೆಯ ಉಳಿದ ದಿನಗಳು ಮುನಿಸಿನಲ್ಲಿ ಕಳೆದವು. ಈ ಬಾರಿ ಸ್ಟ್ರಾಲರ್ ಬಾಡಿಗೆಗೆ ತೆಗೆದುಕೊಳ್ಳೋಣ ಎಂದು ಇವರು ಹೇಳಿದಾಗ ನಾದಿನಿ ಎಲ್ಲರ ಎದುರು, "ಏಳು ತುಂಬುತ್ತಿರುವ ಹುಡುಗನಿಗೆ ಗಾಡಿಯೇ? ನಾಳೆ ಕಾಲೇಜಿಗೂ ತಳ್ಳಿಕೊಂಡು ಹೋಗುತ್ತೀಯಾ?" ಎಂದು ನಕ್ಕರು. ಹುಡುಗ ಅಲ್ಲಿಯೇ ಇದ್ದ. ಪತಿ ಮಾತಾಡಲಿಲ್ಲ. ಮಗನನ್ನು ಮುದ್ದಿನಿಂದ ಕೆಡಿಸುತ್ತಿದ್ದೇನೆಯೇ ಎಂಬುದು ಈ ತಾಯಿಯ ಪ್ರಶ್ನೆ.

ಇಲ್ಲ, ಕೆಡಿಸುತ್ತಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಅಷ್ಟೇ. ಕೇಳದೆ ಬಿಟ್ಟದ್ದರ ಬಗ್ಗೆ ಈಗ ಮಾತಾಡೋಣ.

ನಿಮ್ಮ ಪತ್ರದ ಎರಡನೆಯ ಪುಟದಲ್ಲಿ, ಊಟದ ಗದ್ದಲವನ್ನೂ ಸೊಂಟನೋವನ್ನೂ ವಿವರಿಸುವ ನಡುವೆ, ಆವರಣ ಚಿಹ್ನೆಯೊಳಗೆ ಒಂದು ವಾಕ್ಯವಿದೆ: "(ನಡುವೆ ಒಮ್ಮೆ ಹತ್ತು ನಿಮಿಷ ಅವನು ಕಾಣಿಸಲಿಲ್ಲ, ಆಮೇಲೆ ಒಂದು ಗೋಡೆಯ ಹಿಂದೆ ಕುಳಿತಿದ್ದ, ಸಿಕ್ಕಿದ.)" ಇಷ್ಟು ವರ್ಷ ಪರರ ಪತ್ರಗಳನ್ನು ಓದಿ ನಾನು ಕಲಿತದ್ದೇನಾದರೂ ಇದ್ದರೆ ಅದು ಇದು: ಜನ ತಮ್ಮನ್ನು ನಿಜವಾಗಿ ಹೆದರಿಸಿದ ಸಂಗತಿಯನ್ನು ಆವರಣ ಚಿಹ್ನೆಯೊಳಗೆ ಕೂಡಿಹಾಕುತ್ತಾರೆ. ಸಾವಿರಾರು ಜನ ನುಗ್ಗಾಡುವ ಜಾಗದಲ್ಲಿ ಆರರ ಆಸುಪಾಸಿನ ಮಗು ಹತ್ತು ನಿಮಿಷ ಕಾಣೆಯಾಗಿತ್ತು. ನೀವು ಅದಕ್ಕೆ ಕೊಟ್ಟಿರುವ ಜಾಗ ಒಂದೂವರೆ ಸಾಲು, ನಾದಿನಿಯ ನಗುವಿಗೆ ಕೊಟ್ಟಿರುವುದು ಒಂದು ಪುಟ.

ಆ ಒಂದೂವರೆ ಸಾಲನ್ನು ಮತ್ತೆ ಓದಿ. ಹುಡುಗ ಬಲೂನಿನ ಹಿಂದೆ ಓಡಿಹೋಗಲಿಲ್ಲ. ಯಾವುದೋ ವೇಷಧಾರಿ ಗೊಂಬೆಯನ್ನು ಕಂಡು ದಾರಿ ತಪ್ಪಲಿಲ್ಲ. ಅವನು ಕುಳಿತ, ಅಷ್ಟೇ. ಐವರು ನಡೆಯುತ್ತಲೇ ಹೋದಿರಿ, ಆರನೆಯವರು ಎಲ್ಲರಿಗಿಂತ ಮುಂದೆ, ಕೈಯಲ್ಲಿ ಫೋನು ಹಿಡಿದು. ಕಾಲು ನೋಯುತ್ತಿದ್ದರೆ ಮಗು ಹೇಳಬೇಕಲ್ಲವೇ, ಕೂಗಿ ಕರೆಯಬೇಕಲ್ಲವೇ ಎಂದು ನಿಮಗೆ ಅನ್ನಿಸಬಹುದು. ಅವನು ಹೇಳಿದ್ದ. ಅದೂ ನಿಮ್ಮ ಪತ್ರದಲ್ಲಿಯೇ ಇದೆ. ಬೆಳಿಗ್ಗೆ ಹನ್ನೊಂದಕ್ಕೆ "ಕಾಲು ನೋಯುತ್ತಿದೆ" ಎಂದ ಮಗುವಿಗೆ ನಾದಿನಿಯ ಯಜಮಾನರು ಫೋನಿನಿಂದ ತಲೆಯೆತ್ತದೆ, "ಇನ್ನು ಎರಡೇ ರೈಡು, ಗಂಡುಮಕ್ಕಳು ಹೀಗೆಲ್ಲ ದಣಿಯುವುದಿಲ್ಲ" ಎಂದರು. ಆಮೇಲೆ ಅವನು ಕಾಲಿನ ವಿಷಯ ಎತ್ತಲಿಲ್ಲ. ದಣಿವನ್ನು ಹೇಳಿದರೆ ಮರ್ಯಾದೆ ಹೋಗುತ್ತದೆ, ಮುಚ್ಚಿಟ್ಟುಕೊಂಡರೆ ಯಾರೂ ಏನೂ ಅನ್ನುವುದಿಲ್ಲ ಎಂಬ ಪಾಠವನ್ನು ಒಂದೇ ಬೆಳಿಗ್ಗೆ ಕಲಿತು, ಮಧ್ಯಾಹ್ನ ಗೋಡೆಯ ಹಿಂದೆ ಅದನ್ನು ಒಪ್ಪಿಸಿದ. ಸ್ಟ್ರಾಲರಿನಲ್ಲಿ ಕುಳಿತ ದೊಡ್ಡ ಹುಡುಗನನ್ನು ಕಂಡು ನನಗೆ ಆತಂಕವಾಗುವುದಿಲ್ಲ. ದಣಿವನ್ನು ಬಚ್ಚಿಡಲು ಕಲಿತ ಮಗುವನ್ನು ಕಂಡು ಆಗುತ್ತದೆ.

ನೀವು ನಾದಿನಿಯ ಮೇಲೆ ಕೋಪಗೊಂಡಿದ್ದೀರಿ. ನನಗೆ ಅವರ ಮೇಲೆ ಅಷ್ಟು ಕೋಪವಿಲ್ಲ. ಕುಹಕದ ಮಾತು ಆಡಿದರು, ತಪ್ಪು, ಅಲ್ಲಿಗೆ ಮುಗಿಯಿತು. ನಿಮ್ಮ ಪತಿಯ ಮೌನವೂ ಮೆಚ್ಚತಕ್ಕದ್ದಲ್ಲ, ಆದರೆ ಹೊತ್ತವರು ಅವರೇ ತಾನೇ. ನನ್ನ ದೂರು ಇರುವುದು ನೀವು ಎರಡೇ ಕಡೆ, ಅದೂ ಗೌರವದಿಂದ, ಪ್ರಸ್ತಾಪಿಸಿರುವ ಆ ಯಜಮಾನರ ಮೇಲೆ. ಹದಿಮೂರು ಗಂಟೆಯ ವೇಳಾಪಟ್ಟಿ ತಯಾರಿಸಿದವರು ಅವರು. ಯಾವ ರೈಡು ಎಷ್ಟು ಗಂಟೆಗೆ, ಊಟಕ್ಕೆ ಎಷ್ಟು ನಿಮಿಷ ಎಂದು ಗೊತ್ತು ಮಾಡಿದವರೂ ಅವರೇ. ಗುಂಪು ಹೋಗಬೇಕಾದ ವೇಗ ಅದರಲ್ಲಿರುವ ಅತಿ ಚಿಕ್ಕ ಕಾಲಿನ ವೇಗ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಬೇಸರವಾಗುವಷ್ಟು ಸಲ ಬರೆದಿದ್ದೇನೆ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡುವ ಹಿರಿಯರು, ಮಗುವಿಗೆ ನಾಲ್ಕು ಚಕ್ರ ಸಿಕ್ಕರೆ ಮಾತ್ರ ಮೂಗು ಮುರಿಯುವುದು ಯಾವ ನ್ಯಾಯ?

ಆ 14 ಕಿಲೋಮೀಟರನ್ನು ಮಗುವಿನ ಕಾಲಿನಲ್ಲಿ ಅಳೆದು ನೋಡೋಣ. ವಯಸ್ಕರ ಹೆಜ್ಜೆ 70 ಸೆಂಟಿಮೀಟರು ಎಂದಿಟ್ಟುಕೊಂಡರೆ ಆ ದೂರಕ್ಕೆ 20,000 ಹೆಜ್ಜೆ ಬೇಕು. ಅರ್ಧ ಮೀಟರು ಹೆಜ್ಜೆಯ ಮಗುವಿಗೆ 28,000. ಮಗುವಿನ ನಡಿಗೆ ದೊಡ್ಡವರ ನಡಿಗೆಯ ಲಯಕ್ಕೆ ಬರುವುದೇ ಏಳು ವರ್ಷದ ಆಸುಪಾಸಿನಲ್ಲಿ. ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿಯ ಎಪ್ಕಾಟ್ ಥೀಮ್ ಪಾರ್ಕಿನಲ್ಲಿ ಕೊಳದ ಸುತ್ತಲಿನ ದಾರಿಯೊಂದೇ ಸುಮಾರು 1.9 ಕಿಲೋಮೀಟರು ಇದೆ. ಇಂಥ ಉದ್ಯಾನಗಳನ್ನು ಕಟ್ಟುವಾಗ ಪುಟ್ಟ ಕಾಲುಗಳ ಅಳತೆ ತೆಗೆದಿರುವುದಿಲ್ಲ. ಇದರ ಮೇಲೆ ಸಾಲುಗಳಲ್ಲಿ ನಿಲ್ಲುವ ಹೊತ್ತು ಬೇರೆ. ನಡೆಯುವುದಕ್ಕಿಂತ ನಿಲ್ಲುವುದು ಮಕ್ಕಳಿಗೆ ಹೆಚ್ಚು ಆಯಾಸ, ಏಕೆಂದರೆ ಅಲ್ಲಿ ನೋಡಲು ಮುಂದೆ ನಿಂತವರ ಬೆನ್ನಲ್ಲದೆ ಬೇರೇನೂ ಇರುವುದಿಲ್ಲ.

ನಾದಿನಿಯವರ ವಾದಕ್ಕೂ ಉತ್ತರ ಕೊಡಬೇಕು. ಮಕ್ಕಳನ್ನು ಗಾಡಿಯಲ್ಲಿ ಹೆಚ್ಚು ಹೊತ್ತು ಕೂರಿಸಬಾರದು ಎಂಬ ಮಾತು ಗಾಳಿಮಾತಲ್ಲ. ಐದು ವರ್ಷದೊಳಗಿನ ಮಕ್ಕಳನ್ನು ಗಾಡಿ, ಕುರ್ಚಿಗಳಲ್ಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಹಾಕಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಐದು ದಾಟಿದ ಮಕ್ಕಳಿಗೆ ಅದೇ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ. ನಿಮ್ಮ ಮಗ ಆ ಲೆಕ್ಕವನ್ನು ಬೆಳಗಿನ ತಿಂಡಿಗೆ ಮೊದಲೇ ಮುಗಿಸಿದ್ದ. ದಿನನಿತ್ಯ ಶಾಲೆಗೂ ಅಂಗಡಿಗೂ ಗಾಡಿಯಲ್ಲಿಯೇ ಕರೆದೊಯ್ಯುತ್ತೇನೆ ಎಂದು ನೀವು ಬರೆದಿದ್ದರೆ ನಾನು ನಾದಿನಿಯ ಪಕ್ಷ ಸೇರುತ್ತಿದ್ದೆ. ವರ್ಷಕ್ಕೊಂದು ದಿನದ ಮಾತು ಬೇರೆ. (ಸಾಧಾರಣ ದಿನಗಳಲ್ಲೂ ಅವನು ಕಾಲುನೋವು ಎನ್ನುತ್ತಿದ್ದರೆ ಅದನ್ನು ವೈದ್ಯರಿಗೆ ತೋರಿಸಿ, ಆವರಣ ಚಿಹ್ನೆಯೊಳಗೆ ಬರೆದಿದ್ದೇನೆಂದು ಕಡೆಗಣಿಸಬೇಡಿ.)

ಇನ್ನು "ನೋಡಿದವರು ಏನಂದಾರು" ಎಂಬ ಅಳುಕು. ಅಮೆರಿಕದ ಡಿಸ್ನಿ ಉದ್ಯಾನಗಳು 2019ರ ಮೇ 1ರಿಂದ ಸ್ಟ್ರಾಲರುಗಳಿಗೆ ಮಿತಿ ಹಾಕಿದವು: ಅಗಲ 79 ಸೆಂಟಿಮೀಟರು, ಉದ್ದ 132 ಸೆಂಟಿಮೀಟರು ಮೀರಬಾರದು, ಎಳೆಯುವ ಬಂಡಿಗಳಿಗೆ ಪ್ರವೇಶವಿಲ್ಲ. ಅವರು ಗಾಡಿಯನ್ನು ಅಳೆದರೇ ಹೊರತು ಅದರಲ್ಲಿ ಕುಳಿತ ಮಗುವಿನ ವಯಸ್ಸನ್ನು ಅಳೆಯಲಿಲ್ಲ. ಅಂಗವೈಕಲ್ಯವಿರುವ ಮಗುವಿಗೆ ಸ್ಟ್ರಾಲರನ್ನೇ ಗಾಲಿಕುರ್ಚಿಯೆಂದು ಪರಿಗಣಿಸಿ ಚೀಟಿ ಕಟ್ಟಿಕೊಡುವ ಏರ್ಪಾಡೂ ಅಲ್ಲಿದೆ. ಹೀಗಾಗಿ ಗಾಡಿಯಲ್ಲಿ ಕುಳಿತ ಎಂಟು ವರ್ಷದ ಮಗುವನ್ನು ಕಂಡು ತುಟಿ ಕೊಂಕಿಸುವವರಿಗೆ ಅದರ ಹಿಂದೆ ಉಬ್ಬಸವಿದೆಯೋ, ಆಟಿಸಂ ಇದೆಯೋ, ಬರಿಯ ದಣಿವಿದೆಯೋ ತಿಳಿದಿರುವುದಿಲ್ಲ. ಬರಿಯ ದಣಿವಾದರೂ ಅದು ಅವರ ವಿಚಾರಣೆಗೆ ಒಳಪಡುವ ಅಪರಾಧವೇನಲ್ಲ. ನನಗೆ ಹೆಚ್ಚು ವಿಚಿತ್ರವೆನಿಸುವುದು ಇನ್ನೊಂದು. ಫ್ಲಾರಿಡಾದ ಯೂನಿವರ್ಸಲ್ ಥೀಮ್ ಪಾರ್ಕಿನ ಹಲ್ಕ್ ಎಂಬ ರೋಲರ್ ಕೋಸ್ಟರ್ ಏರಲು 137 ಸೆಂಟಿಮೀಟರು ಎತ್ತರವಿರಬೇಕು. ನಿಮ್ಮ ಮಗನಂಥ ಹುಡುಗನನ್ನು ಅಳತೆಗೋಲಿನ ಮುಂದೆ ನಿಲ್ಲಿಸಿ "ನೀನಿನ್ನೂ ಚಿಕ್ಕವನು" ಎಂದು ಹಿಂದೆ ಕಳುಹಿಸುತ್ತಾರೆ. ಅವನು ಮುಖ ಸಪ್ಪಗೆ ಮಾಡಿಕೊಂಡು ಬಂದು ಗಾಡಿ ಏರಲು ಹೋದರೆ, "ನೀನು ದೊಡ್ಡವನಾದೆಯಲ್ಲ" ಎಂದು ಮನೆಯವರು ಇಳಿಸುತ್ತಾರೆ. ಯಾವ ಅಳತೆಗೆ ತಕ್ಕಂತೆ ಬೆಳೆಯಬೇಕು ಆ ಮಗು?

ಇಂದು ನಾವು ಕೊಡೆಯಂತೆ ಮಡಚುವ ಹಗುರ ಸ್ಟ್ರಾಲರನ್ನು 1965ರಲ್ಲಿ ರೂಪಿಸಿದ ಓವನ್ ಮ್ಯಾಕ್ಲಾರೆನ್ ಎಂಬ ಎಂಜಿನಿಯರು ಅದಕ್ಕೆ ಮೊದಲು ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಗಳ ಚೌಕಟ್ಟಿನ ಮೇಲೆ ಕೆಲಸ ಮಾಡಿದ್ದವರು. ಸಾಗಿಸುವ ಭಾರ ಎಷ್ಟು, ಹೊರುವ ಚೌಕಟ್ಟು ಎಂಥದ್ದು ಎಂದು ಯೋಚಿಸಿದ ತಲೆಯಿಂದ ಬಂದ ವಸ್ತು ಅದು. ನೀವೂ ಹಾಗೆಯೇ ಯೋಚಿಸಬೇಕು. ಚಿಕ್ಕ ಸ್ಟ್ರಾಲರುಗಳಲ್ಲಿ ಹಲವು 15 ಕಿಲೋಗ್ರಾಮಿಗೇ ಮುಗಿಯುತ್ತವೆ, ದೊಡ್ಡವು ಸಾಮಾನ್ಯವಾಗಿ 22ರವರೆಗೆ ತಾಳುತ್ತವೆ. ನಿಮ್ಮ ಮಗನ ವಯಸ್ಸಿನ ಹುಡುಗರ ತೂಕ ಆ ಗೆರೆಯ ಹತ್ತಿರವೇ ಇರುವುದರಿಂದ ತೂಗಿ ನೋಡದೆ ಬಾಡಿಗೆಗೆ ಹಿಡಿಯಬೇಡಿ, ಕಾಲು ಮುಂದಿನ ಚಕ್ರಕ್ಕೆ ತಾಗುತ್ತದೆಯೇ ಎಂದೂ ಕೂರಿಸಿ ನೋಡಿ. ಹಿಡಿಕೆಗೆ ಚೀಲಗಳನ್ನು ನೇತುಹಾಕಿದ್ದರೆ ಮಗು ಇಳಿದ ಕೂಡಲೇ ಗಾಡಿ ಹಿಂದಕ್ಕೆ ಮಗುಚುತ್ತದೆ. ಸಾಲಿನೊಳಗೆ ಗಾಡಿಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಹೊರಗೆ ನಿಲ್ಲಿಸಿದ್ದನ್ನು ಸಿಬ್ಬಂದಿ ಜರುಗಿಸುತ್ತಲೂ ಇರುತ್ತಾರೆ, ಆದ್ದರಿಂದ ಗುರುತಿಗೆ ಬಣ್ಣದ ಬಟ್ಟೆ ಕಟ್ಟಿ, ಬೆಲೆಬಾಳುವುದನ್ನು ಅದರಲ್ಲಿ ಬಿಡಬೇಡಿ.

ಗುಂಪಿನಲ್ಲಿ ಗಾಡಿ ತಳ್ಳುವವರ ಮೇಲೆ ಜನಕ್ಕಿರುವ ಸಿಟ್ಟು ಪೂರ್ತಿ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ನನ್ನ ಹಿಮ್ಮಡಿಗೂ ಒಮ್ಮೆ ಹಿಂದಿನಿಂದ ಬಂದ ಚಕ್ರ ತಗುಲಿದೆ. ತಳ್ಳುತ್ತಿದ್ದವರು ಫೋನಿನಲ್ಲಿ ನಕ್ಷೆ ಹುಡುಕುತ್ತಿದ್ದರು. ದಾರಿಯ ನಡುವೆ ಫಕ್ಕನೆ ನಿಲ್ಲುವುದು, ಇಬ್ಬರು ಗಾಡಿಗಳನ್ನು ಜೋಡಿಯಾಗಿ ತಳ್ಳಿಕೊಂಡು ಹರಟುತ್ತ ಹೋಗುವುದು, ಜನರನ್ನು ಸರಿಸಲು ಗಾಡಿಯ ಮೂತಿಯನ್ನೇ ಬಳಸುವುದು, ಇವೆಲ್ಲ ದೊಡ್ಡವರ ದುರಭ್ಯಾಸಗಳು. ಅದರಲ್ಲಿ ಕುಳಿತ ಮಗು ಎರಡು ವರ್ಷದ್ದಾದರೂ ಏಳು ವರ್ಷದ್ದಾದರೂ ಹಿಮ್ಮಡಿಗೆ ಆಗುವ ನೋವು ಒಂದೇ.

ಹಾಗಾದರೆ ಏನು ಮಾಡಬೇಕು? ಸ್ಟ್ರಾಲರ್ ತೆಗೆದುಕೊಳ್ಳಿ, ಮತ್ತು ಅದನ್ನು ತಳ್ಳುವ ಕೆಲಸವನ್ನು ವೇಳಾಪಟ್ಟಿ ಮಾಡಿದವರಿಗೆ ಒಪ್ಪಿಸಿ. ಈ ಒಂದು ಮಾತಿನಲ್ಲಿ ನಾನು ಸಡಿಲಗೊಳ್ಳುವುದಿಲ್ಲ. ನಿಮಗಲ್ಲ, ಸೊಂಟ ಹಿಡಿದ ನಿಮ್ಮ ಪತಿಗಲ್ಲ, ನಾದಿನಿಯ ಯಜಮಾನರಿಗೆ. ಪ್ರಯಾಣಕ್ಕೆ ಮೊದಲೇ, ಜಗಳದ ದನಿಯಿಲ್ಲದೆ, ನಿಮ್ಮ ಪತಿಯೇ ಅವರಿಗೆ ಫೋನು ಮಾಡಿ ಹೇಳಲಿ. ಕಳೆದ ಬಾರಿ ಉಳಿಸಿಕೊಂಡ ಮಾತನ್ನು ಆಡಲು ಅವರಿಗೂ ಒಂದು ಅವಕಾಶ. ಇಪ್ಪತ್ತು ಕಿಲೋ ಭಾರವನ್ನು ಗುಂಪಿನ ನಡುವೆ ಏರುದಾರಿಯಲ್ಲಿ ತಳ್ಳುವವರು ಫೋನು ನೋಡುತ್ತ ಎಲ್ಲರಿಗಿಂತ ಮುಂದೆ ಓಡಲಾರರು, ಹದಿನೈದು ನಿಮಿಷದೊಳಗೆ ಊಟ ಮುಗಿಸಿರೆಂದು ಯಾರನ್ನೂ ಎಬ್ಬಿಸಲಾರರು. ಎರಡು ಗಂಟೆಯ ಹೊತ್ತಿಗೆ ನೆರಳಲ್ಲಿ ಕುಳಿತುಕೊಳ್ಳೋಣವೇ ಎಂದು ಅವರೇ ಕೇಳುತ್ತಾರೆ, ನೋಡಿ.

ಹುಡುಗನನ್ನು "ಗಾಡಿಯಲ್ಲಿ ಕೂರುತ್ತೀಯಾ" ಎಂದು ಅತ್ತೆಯ ಮಕ್ಕಳ ಎದುರು ಕೇಳಬೇಡಿ. ಕೇಳಿದರೆ ಅವನು ಇಲ್ಲ ಎನ್ನುತ್ತಾನೆ, ನಾನಾಗಿದ್ದರೂ ಇಲ್ಲ ಎನ್ನುತ್ತಿದ್ದೆ. ಗಾಡಿಯಲ್ಲಿ ಮೊದಲು ನೀರಿನ ಬಾಟಲಿ, ಟೋಪಿ, ಎಲ್ಲರ ಮಳೆಯಂಗಿ ಇರಲಿ; ಅವುಗಳನ್ನು ಆಚೆ ಸರಿಸಿ ಯಾವಾಗ ಹತ್ತಬೇಕು, ಯಾವಾಗ ಇಳಿಯಬೇಕು ಎಂಬುದು ಅವನ ಕಾಲಿಗೆ ಬಿಟ್ಟದ್ದು.

ಹೊರಡುವ ಮೊದಲು ಯಾರೂ ಇಲ್ಲದ ಹೊತ್ತಿನಲ್ಲಿ ಆ ಗೋಡೆಯ ಹಿಂದೆ ಕುಳಿತಿದ್ದಾಗ ಏನು ಯೋಚಿಸುತ್ತಿದ್ದೆ ಎಂದು ಅವನನ್ನು ಕೇಳಿ. ಉತ್ತರ ಬಂದರೆ ತಿದ್ದಬೇಡಿ. ನನಗೂ ಬರೆದು ತಿಳಿಸಿ, ಈ ಸಲ ಆವರಣ ಚಿಹ್ನೆಯಿಲ್ಲದೆ.