ಗ್ರಾಫ್ ಬೇಡ, ಮೆಂತ್ಯದ ಡಬ್ಬಿ ಕಥೆ ಬರೀರಿ

ನಮಸ್ಕಾರ. ಖಿನ್ನತೆ ಮಾತ್ರೆಯಿಂದಾನೇ ಆತ್ಮಹತ್ಯೆ ಜಾಸ್ತಿ ಆಗ್ತಿದೆ ಅಂತ ನೀವು ಬರೆದು ಕಳಿಸಿದ 'ಮಾತ್ರೆ ಜಾಸ್ತಿ, ಸಾವೂ ಜಾಸ್ತಿ' ಲೇಖನ ಎರಡು ಸಲ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಯಾಕೆ ಅಂತ ನೇರವಾಗೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.

ಇಡೀ ಬರಹ ಅಮೆರಿಕದ ಒಂದು ಗ್ರಾಫ್ ಮೇಲೆ ನಿಂತಿದೆ. ಖಿನ್ನತೆ ಮಾತ್ರೆ ತಗೊಳ್ಳೋರು ಏರ್ತಾನೇ ಹೋದ್ರು, ಆತ್ಮಹತ್ಯೆ 1999ರಲ್ಲಿ ಲಕ್ಷಕ್ಕೆ 10.5 ಇದ್ದಿದ್ದು 2018ಕ್ಕೆ 14.2 ಆಯ್ತು, ಅಂಕಿ ಸರಿನೇ ಇದೆ. ಆದ್ರೆ 1999ರಿಂದಾನೇ ಯಾಕ್ರೀ ಶುರು ಮಾಡಿದ್ರಿ? ಪ್ರೊಜ್ಯಾಕ್ ಅನ್ನೋ ಹೆಸರಾಂತ ಖಿನ್ನತೆ ಮಾತ್ರೆಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ, ಅದು ಭರ್ಜರಿ ಓಡಿದ ತೊಂಬತ್ತರ ದಶಕದಲ್ಲಿ ಆತ್ಮಹತ್ಯೆ ದರ ಇಳೀತಾ ಇತ್ತು. ಆ ಹತ್ತು ವರ್ಷ ನಿಮ್ಮ ಗ್ರಾಫಲ್ಲಿ ಇಲ್ವೇ ಇಲ್ಲ.

ನಿಮ್ಮ ವಾದಕ್ಕೆ ಉಲ್ಟಾ ಲೇಖನನೂ ಇಷ್ಟೇ ಸುಲಭವಾಗಿ ಬರೀಬಹುದು. ಸ್ವೀಡನ್ನಲ್ಲಿ 1991ರಿಂದ 96ರೊಳಗೆ ಈ ಮಾತ್ರೆ ಬಳಕೆ ಮೂರೂವರೆ ಪಟ್ಟಾಯ್ತು, ಆತ್ಮಹತ್ಯೆ ಶೇ. 19 ಇಳೀತು, ನೋಡಿ ಮಾತ್ರೆನೇ ಕಾಪಾಡ್ತು ಅಂತ ಅಲ್ಲಿನ ಮನೋವೈದ್ಯ ಇಸಾಕ್ಸನ್ ವಾದ ಮಾಡಿದ್ರು, ಆದ್ರೆ ಆ ಇಳಿತ ಅದಕ್ಕೂ ಮುಂಚೆನೇ ಶುರುವಾಗಿತ್ತು. ಐಸ್‌ಲ್ಯಾಂಡಲ್ಲಿ 1975ರಲ್ಲಿ ಸಾವಿರ ಜನಕ್ಕೆ ದಿನಕ್ಕೆ 8.4 ಡೋಸ್ ಮಾರಾಟ ಆಗ್ತಿದ್ದಿದ್ದು 2000ಕ್ಕೆ 72.7 ಆಯ್ತು, ಆತ್ಮಹತ್ಯೆ ದರ ಮಾತ್ರ ಏರಿಲ್ಲ, ಇಳಿದಿಲ್ಲ. ಶ್ರೀಲಂಕಾದಲ್ಲಿ ದರ ಅರ್ಧಕ್ಕಿಂತ ಕೆಳಗೆ ಬಂದಿದ್ದು ಅಪಾಯಕಾರಿ ಕೀಟನಾಶಕ ನಿಷೇಧ ಮಾಡಿದ್ಮೇಲೆ, ಅಲ್ಲಿ ಈ ಮಾತ್ರೆ ಮಾತೇ ಇಲ್ಲ. ದೇಶದ ಸರಾಸರಿ ನೋಡಿದ್ರೆ ಸತ್ತೋರು ಮಾತ್ರೆ ತಗೋತಿದ್ರಾ ಇಲ್ವಾ ಅನ್ನೋದೇ ಗೊತ್ತಾಗಲ್ವಲ್ಲ.

ಈ ಮಾತ್ರೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಕೊಟ್ಟ ಎಚ್ಚರಿಕೆನ 'ಅಮೆರಿಕನೇ ತಪ್ಪೊಪ್ಕೊಂಡ ದಾಖಲೆ' ಅಂತ ಬರೆದಿದೀರಿ. ಅಲ್ಲ. ಮಕ್ಕಳು, ಹದಿಹರೆಯದವರ ಮೇಲಿನ 24 ಟ್ರಯಲ್ ಒಟ್ಟು ಮಾಡಿ ನೋಡಿದಾಗ ಸಾಯೋ ಯೋಚನೆ, ಪ್ರಯತ್ನ ಮಾತ್ರೆ ತಗೊಂಡೋರಲ್ಲಿ ಶೇ. 4, ಹೋಲಿಕೆಗೆ ಅಂತ ಔಷಧವೇ ಇಲ್ಲದ ಹುಸಿ ಮಾತ್ರೆ ತಗೊಂಡೋರಲ್ಲಿ ಶೇ. 2 ಇತ್ತು, ಯಾರೂ ಸತ್ತಿರ್ಲಿಲ್ಲ. ಹುಷಾರಾಗಿ ಗಮನಿಸಿ ಅಂತ ಡಾಕ್ಟರ್‌ಗಳಿಗೆ ಹೇಳಿದ್ದು ಅದಕ್ಕೇ. ಇದು ಸಣ್ಣ ವಿಷಯ ಅಂತಲ್ಲ, ಬರೀರಿ, ಇದ್ದಷ್ಟೇ ಬರೀರಿ.

ಕೊನೇ ಸಾಲು 'ಇವತ್ತೇ ಬಿಸಾಕಿ' ಅನ್ನೋದನ್ನ ಮಾತ್ರ ನಾನು ಯಾವ ಕಾರಣಕ್ಕೂ ಹಾಕಲ್ಲ. ಈ ಮಾತ್ರೆ ದಿಢೀರ್ ನಿಲ್ಲಿಸಿದ್ರೆ ತಲೆಸುತ್ತು, ನಿದ್ದೆಗೇಡು, ಖಿನ್ನತೆ ತಿರುಗಿ ಬರೋದು, ಎಲ್ಲಾ ಇದೆ. ಬಿಡೋದಾದ್ರೆ ಡಾಕ್ಟರ್ ಹೇಳ್ದಂಗೆ ಸ್ವಲ್ಪ ಸ್ವಲ್ಪವಾಗಿ.

ಅಂದಹಾಗೆ ಲೇಖನದ ಮಧ್ಯೆ ನಾಲ್ಕೇ ಸಾಲಲ್ಲಿ ನಿಮ್ಮ ಅತ್ತೆ ಬಂದು ಹೋಗ್ತಾರೆ, ಮಾತ್ರೆ ಸ್ಟ್ರಿಪ್ಪನ್ನ ಮೆಂತ್ಯದ ಡಬ್ಬಿಲಿ ಬಚ್ಚಿಟ್ಟು, ಕೇಳಿದ್ರೆ ಗ್ಯಾಸ್ಟ್ರಿಕ್‌ಗೆ ಅಂತಿದ್ರು, ಪಕ್ಕದ ಮನೆಯೋರು ಚಟ ಹತ್ತುತ್ತೆ ಅಂದಿದ್ದಕ್ಕೆ ಬಿಟ್ಟೇಬಿಟ್ರು. ನಾನು ಅಲ್ಲೇ ನಿಂತ್ಬಿಟ್ಟೆ ಕಣ್ರೀ. ಬಿಟ್ಟ ಮೇಲಿನ ಎರಡು ವಾರ ಮನೇಲಿ ಏನಾಯ್ತು? ಡಬ್ಬಿ ಮೊದಲು ತೆಗೆದಿದ್ದು ಯಾರು? ಅದನ್ನ ಬರೀರಿ, ಎಂಟುನೂರು ಪದ ಸಾಕು, ಊರು ಹೆಸರು ಬದಲಾಯಿಸಿ, ಮತ್ತೆ ಕಳಿಸೋಕ್ ಮುಂಚೆ ಅತ್ತೆಗೆ ಒಂದ್ಸಲ ಓದಿ ಹೇಳಿ.